ಕಿವಿಗೂ ಒಂದು ತವರುಮನೆ

ನಮ್ಮಲ್ಲಿ ಕೂಸು ಹುಟ್ಟಿದ ಕೂಡಲೇ ಮನೆಯ ಹಿರಿಯರೊಬ್ಬರು ಅದರ ಬಲಗಿವಿಯಲ್ಲಿ ಮೆಲ್ಲಗೆ ಅಜಾನ್ ಹೇಳುತ್ತಾರೆ. ಆಸ್ಪತ್ರೆಯ ಗದ್ದಲ, ನರ್ಸಮ್ಮನ ಗದರಿಕೆ, ಹೊರಗೆ ನಿಂತ ನೆಂಟರ ಮಾತುಗಳ ನಡುವೆ ಆ ಕೂಸಿನ ಕಿವಿಗೆಂದೇ ಆರಿಸಿ ಹಾಕುವ ಮೊದಲ ದನಿ ಅದು. ಅದನ್ನು ಆರಿಸುವ ಕೆಲಸವನ್ನು ನೂರಾರು ವರ್ಷಗಳ ಹಿಂದಿನಿಂದ ಬಂದ ಪದ್ಧತಿಯೇ ಮಾಡಿಬಿಟ್ಟಿದೆ. ನಮಗೆ ಚಿಂತೆಯಿಲ್ಲ. ಆದರೆ ಅದಾದ ಮೇಲೆ? ಎರಡನೆಯ ದನಿ ಯಾವುದು, ಮೂರನೆಯದು ಯಾವುದು ಎಂದು ಯಾರೂ ಕೂತು ತೀರ್ಮಾನಿಸುವುದಿಲ್ಲ. ಅಪ್ಪ ಅವ್ವ ಏನು ಕೇಳುತ್ತಾರೋ ಅದೇ ಕೂಸಿನ ಕಿವಿಗೂ ಬೀಳುತ್ತದೆ.

ಹೋದ ವರ್ಷ ಮಗಳಿಗೆ ಗಂಡುಮಗುವಾಯಿತು. ಬಾಣಂತನ ಮುಗಿಸಿಕೊಂಡು ಬೆಂಗಳೂರಿನ ತನ್ನ ಮನೆಗೆ ಹೋದ ಮೇಲೆ ಒಂದು ರಾತ್ರಿ ಹತ್ತೂವರೆಗೆ ಫೋನ್ ಮಾಡಿದಳು. ಮಗುವಿನ ಅಳು ಹಿಂದಿನಿಂದ ಕೇಳಿಸುತ್ತಿತ್ತು. "ಅಮ್ಮೀ, ಇವನು ಮಲಗ್ತಾನೇ ಇಲ್ಲ. ನೀನು ನನಗೆ ಯಾವ ಜೋಗುಳ ಹಾಡ್ತಿದ್ದೆ? ಅದನ್ನೇ ಹೇಳಿಕೊಡು" ಎಂದಳು.

ನಾನು ಬಾಯಿ ತೆರೆದೆ. ಏನೂ ಹೊರಡಲಿಲ್ಲ. "ನೆನಪು ಮಾಡ್ಕೊಂಡು ಹೇಳ್ತೀನಿ" ಎಂದು ಫೋನ್ ಇಟ್ಟೆ. ನೆನಪು ಮಾಡಿಕೊಳ್ಳುವಂಥದ್ದೇನೂ ಇರಲಿಲ್ಲ. ನಾನು ಅವಳಿಗೆ ಜೋಗುಳ ಹಾಡಿರಲೇ ಇಲ್ಲ. ಅವಳ ತಲೆದಿಂಬಿನ ಹತ್ತಿರ ಒಂದು ಟೇಪ್ ರೆಕಾರ್ಡರ್ ಇಟ್ಟಿದ್ದೆ. ಅದರಲ್ಲಿ ಇಂಗ್ಲಿಷ್ ಶಿಶುಗೀತೆಗಳ ಕ್ಯಾಸೆಟ್ಟು ತಿರುಗುತ್ತಿತ್ತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಾಡು ಇಲ್ಲದ ಮನೆಯಿಂದ ನಾನು ಬಂದವಳಲ್ಲ.

ನನ್ನ ತವರು ಬೆಳವಣಕಿ, ರೋಣ ತಾಲೂಕು. ಈಗ ಗದಗ ಜಿಲ್ಲೆ. ನಾನು ಚಿಕ್ಕವಳಿದ್ದಾಗ ಧಾರವಾಡ ಜಿಲ್ಲೆ. ಗದಗ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಕರಿಮಣ್ಣಿನ ನಾಡು. ಹತ್ತಿ, ಜೋಳ, ಕಡಲೆ, ಕುಸುಬಿ ಬೆಳೆಯುವ ಹೊಲಗಳು. ಮಳೆ ಬಿದ್ದರೆ ಕಾಲಿಗೆ ಮಣ್ಣು ಮೆತ್ತಿಕೊಂಡು ಮನೆಯ ತನಕ ಬರುತ್ತದೆ. ನಾವು ನದಾಫರು. ಹತ್ತಿ ಹಿಂಜಿ ಗಾದಿ, ದಿಂಬು ತುಂಬುವುದು ಮನೆತನದ ಕಸುಬು. ಪಿಂಜಾರರು ಎಂದೂ ಕರೆಯುತ್ತಾರೆ. ಮನೆಯ ಮಾತು ಕನ್ನಡ. ನಮಾಜಿಗೆ ಬೇಕಾದಷ್ಟು ಅರಬ್ಬಿ ಕಲಿತಿದ್ದೆವು, ಉರ್ದು ಅಷ್ಟಕ್ಕಷ್ಟೆ. ಅಪ್ಪ, ಅವ್ವ, ಅಕ್ಕ ಎಂದೇ ಕರೆಯುತ್ತಿದ್ದೆವು.

ನಾನು ಬದುಕಿನಲ್ಲಿ ಕೇಳಿದ ಮೊದಲ ವಾದ್ಯ ಯಾವುದು ಎಂದು ಯಾರಾದರೂ ಕೇಳಿದರೆ ಹತ್ತಿ ಹಿಂಜುವ ಬಿಲ್ಲು ಎನ್ನುತ್ತೇನೆ. ಆಳೆತ್ತರದ ಬಿಲ್ಲು, ಅದಕ್ಕೆ ಬಿಗಿದ ನರದ ತಂತಿ. ಅಪ್ಪ ಕಟ್ಟಿಗೆಯ ಕೊಡತಿಯಿಂದ ತಂತಿಗೆ ಹೊಡೆದರೆ ಅದು ಝೇಂಕರಿಸುತ್ತಿತ್ತು, ಹತ್ತಿ ಮೇಲೆ ಹಾರಿ ಹಿಂಜಿಕೊಳ್ಳುತ್ತಿತ್ತು. ಗಂಟು ಹತ್ತಿಗೆ ಒಂದು ದನಿ, ಹಿಂಜಿ ಹಗುರಾದ ಹತ್ತಿಗೆ ಇನ್ನೊಂದು ದನಿ. ಅಪ್ಪ ಕಣ್ಣಿನಿಂದ ನೋಡುತ್ತಿರಲಿಲ್ಲ, ಕಿವಿಯಿಂದಲೇ ತಿಳಿಯುತ್ತಿದ್ದರು. "ಇನ್ನೂ ಒರಟ ಐತಿ, ಕೇಳಿಲ್ಲೇನು?" ಎಂದು ನಮ್ಮನ್ನು ಕೇಳುತ್ತಿದ್ದರು. ನಮಗೂ ಕೇಳಿಸುತ್ತಿತ್ತು.

ಅಪ್ಪನಿಗೆ ಎರಡು ಹುಚ್ಚು. ಒಂದು ರೇಡಿಯೊ, ಇನ್ನೊಂದು ಮೊಹರಂ.

ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಆರಂಭವಾದದ್ದು. ಅಪ್ಪ ತಮ್ಮ ರೇಡಿಯೊ ಕೊಂಡದ್ದು ಅದಕ್ಕಿಂತ ಎಷ್ಟೋ ವರ್ಷ ಆದ ಮೇಲೆ, ನಾನು ಹುಟ್ಟುವ ಹೊತ್ತಿಗೆ. ಮುಂಜಾನೆ ಭಕ್ತಿಗೀತೆ, ಆಮೇಲೆ ಸುದ್ದಿ, ಸಂಜೆ ರೈತರ ಕಾರ್ಯಕ್ರಮ, ರಾತ್ರಿ ಹಿಂದುಸ್ತಾನಿ ಗಾಯನ. ರಾಗದ ಹೆಸರು ಅಪ್ಪನಿಗೆ ಗೊತ್ತಿರಲಿಲ್ಲ. ಆದರೆ ಭೀಮಸೇನ ಜೋಶಿಯವರ ದನಿ ಕೇಳಿದರೆ ಕೊಡತಿ ಕೆಳಗಿಡುತ್ತಿದ್ದರು. "ನಮ್ಮ ರೋಣದ ಕಡೆಯವ" ಎನ್ನುವ ಹೆಮ್ಮೆ ಬೇರೆ. ಬುಧವಾರ ರಾತ್ರಿ ಮಾತ್ರ ಸೂಜಿ ರೇಡಿಯೊ ಸಿಲೋನಿಗೆ ತಿರುಗುತ್ತಿತ್ತು. ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ 1952ರಲ್ಲಿ ಶುರುವಾಗಿದ್ದ ಕಾರ್ಯಕ್ರಮ. ಸಯಾನಿಯವರು 2024ರಲ್ಲಿ ತೀರಿಕೊಂಡ ಸುದ್ದಿ ಬಂದಾಗ ನನಗೆ ಅವರ ಮುಖ ನೆನಪಾಗಲಿಲ್ಲ. ಅಪ್ಪನ ಮುಖ ನೆನಪಾಯಿತು.

ಮೊಹರಂ ಬಂದರೆ ಅಪ್ಪ ಬೇರೆಯೇ ಮನುಷ್ಯ. ನಮ್ಮ ಕಡೆ ಮೊಹರಮ್ಮಿನಲ್ಲಿ ರಿವಾಯತ ಪದ ಹಾಡುತ್ತಾರೆ. ಹಸನ್ ಹುಸೇನರ ಕತೆ, ಕರ್ಬಲಾದ ನೀರಡಿಕೆ, ತಾಯಂದಿರ ದುಃಖ, ಎಲ್ಲ ಕನ್ನಡದಲ್ಲಿ. ಹಿಜರಿ 61ರಲ್ಲಿ ಇರಾಕಿನ ಮರಳಿನಲ್ಲಿ ನಡೆದದ್ದು ಬೆಳವಣಕಿಯ ಕರಿಮಣ್ಣಿನಲ್ಲಿ ನಡೆದಂತೆ ಹಾಡುತ್ತಿದ್ದರು. ಮೇಳದಲ್ಲಿ ನದಾಫರಷ್ಟೇ ಅಲ್ಲ, ಲಿಂಗಾಯತರು, ಕುರುಬರು, ತಳವಾರರು ಎಲ್ಲ ಇದ್ದರು. ಅಪ್ಪನ ಜೊತೆ ದನಿಗೂಡಿಸುತ್ತಿದ್ದವರು ಶ್ರಾವಣದಲ್ಲಿ ಭಜನೆ ಹಾಡುವ ಲಿಂಗಾಯತ ರೈತರೊಬ್ಬರು. ಶ್ರಾವಣ ಬಂದರೆ ಅಪ್ಪ ಅವರ ಭಜನೆಯಲ್ಲಿ ತಾಳ ಹಿಡಿದು ಕೂರುತ್ತಿದ್ದರು. ಇದನ್ನು ಸೌಹಾರ್ದ ಎಂದು ಕರೆಯಬೇಕು ಎಂಬುದು ಅವರಿಬ್ಬರಿಗೂ ಗೊತ್ತಿರಲಿಲ್ಲ. ಶಿಶುನಾಳ ಷರೀಫರು (1819–1889) ಸ್ವತಃ ರಿವಾಯತ ಪದಗಳನ್ನು ಕಟ್ಟಿದವರು. ಅವರ ನಾಡು ನಮ್ಮ ನಾಡಿಗೆ ದೂರವೇನಲ್ಲ.

ಅವ್ವನದು ಬೇರೆ ಸಂಗೀತ. ಊರಿಗೆ ಹಿಟ್ಟಿನ ಗಿರಣಿ ಬಂದಿತ್ತು. ಆದರೂ ಬ್ಯಾಳಿ ಒಡೆಯಲಿಕ್ಕೆ, ನುಚ್ಚು ಮಾಡಲಿಕ್ಕೆ ಬೀಸುವಕಲ್ಲು ಇತ್ತು. ಅವ್ವ ಬೀಸಲು ಕೂತರೆ ಹಾಡು ತಾನಾಗಿ ಬರುತ್ತಿತ್ತು. ಆಕೆಯ ಒಂದು ಕಾಲು ಚಾಚಿರುತ್ತಿತ್ತು. ಆ ಕಾಲಿನ ಮೇಲೆ ತಲೆಯಿಟ್ಟು ನಾನು ಮಲಗುತ್ತಿದ್ದೆ. ಕಲ್ಲಿನ ಗುರುಗುರು ನೆಲದಿಂದ ಬರುತ್ತಿತ್ತು, ಹಾಡು ಮೇಲಿನಿಂದ ಬರುತ್ತಿತ್ತು. ನಡುವೆ ನಾನು. ತವರಿನ ಹಾಡು, ಅಣ್ಣನನ್ನು ಹರಸುವ ಹಾಡು, ತೊಟ್ಟಿಲ ಹಾಡು. ಒಂದು ಹಾಡಿನಲ್ಲಿ ಬೀಬಿ ಫಾತಿಮಾ ಬರುತ್ತಿದ್ದರು, ಮುಂದಿನ ನುಡಿಯಲ್ಲಿ ಮಲ್ಲಯ್ಯ ಬರುತ್ತಿದ್ದ. ಅವ್ವನಿಗೆ ಅದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ. ಓಣಿಯಲ್ಲಿ ಕಲಿತ ಹಾಡು, ಓಣಿಯಂತೆಯೇ ಇತ್ತು.

ಬಹಳ ವರ್ಷಗಳ ನಂತರ ನನಗೆ ತಿಳಿಯಿತು, ಇದು ನಮ್ಮವ್ವನೊಬ್ಬಳ ಮಾತಲ್ಲ ಎಂದು. ವಿಜಾಪುರದ ಸೂಫಿಗಳು ಮೂರು ನಾಲ್ಕು ನೂರು ವರ್ಷಗಳ ಹಿಂದೆಯೇ ಹೆಣ್ಣುಮಕ್ಕಳು ಬೀಸುವಾಗ ಹಾಡಲೆಂದು ದಖನಿ ಭಾಷೆಯಲ್ಲಿ ಚಕ್ಕಿನಾಮಾಗಳನ್ನು ಬರೆದಿದ್ದರು. ನೂಲುವಾಗ ಹಾಡಲು ಚರಖಾನಾಮಾ, ತೊಟ್ಟಿಲು ತೂಗಲು ಲೋರಿನಾಮಾ. ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಒಂದು ಮುಖ್ಯ ಮಾತು ಹೇಳುತ್ತಾರೆ: ಈ ನಾಡಿನ ಸಾಮಾನ್ಯ ಜನರ ಮನೆಯೊಳಗೆ ಇಸ್ಲಾಮಿನ ಪರಿಚಯ ಬೇರೂರಿದ್ದರಲ್ಲಿ ಇಂಥ ಹಾಡುಗಳ ಪಾತ್ರ ದೊಡ್ಡದು. ಅಂದರೆ ಕಲ್ಲಿನ ಬದಿಯಲ್ಲಿ ಮಲಗಿದ ಕೂಸಿನ ಕಿವಿಯ ಬೆಲೆ ಆ ಹಿರಿಯರಿಗೆ ಗೊತ್ತಿತ್ತು. ಕನ್ನಡದಲ್ಲಿ ಹಲಸಂಗಿ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಹೊರತಂದರು. ನಮ್ಮವ್ವನಂಥ ಹೆಣ್ಣುಮಕ್ಕಳ ಬಾಯಲ್ಲಿದ್ದುದು ಆಗ ಪುಸ್ತಕವಾಯಿತು. ಆ ಗೆಳೆಯರ ಬಳಗದಲ್ಲಿ ಪಿ. ಧೂಲಾಸಾಹೇಬರೂ ಇದ್ದರು.

ತಂದೆತಾಯಿಯರ ಹಾಡು ಮಕ್ಕಳನ್ನು ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ನಮ್ಮ ನಾಡಿನಲ್ಲೇ ದೊಡ್ಡ ಉದಾಹರಣೆಗಳಿವೆ. 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ಮನೆಯಲ್ಲಿ ತಾಯಿ ಭಜನೆ ಹಾಡುತ್ತಿದ್ದರು. ತಂದೆ ಶಾಲಾ ಮಾಸ್ತರರು. ಹುಡುಗ ಭಜನೆಯವರ ಹಿಂದೆ, ಮೆರವಣಿಗೆಯ ಬಾಜಾದವರ ಹಿಂದೆ ಹೋಗಿ ದಾರಿ ತಪ್ಪಿಸಿಕೊಳ್ಳುತ್ತಿದ್ದನಂತೆ. ಹುಡುಕಿ ಸಾಕಾದ ತಂದೆ ಕೊನೆಗೆ ಅವನ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆಸಿದರು ಎಂಬ ಕತೆ ಪ್ರಸಿದ್ಧ. ಒಂದು ದಿನ ಅಂಗಡಿಯೊಂದರ ಗ್ರಾಮಫೋನಿನಲ್ಲಿ ಅಬ್ದುಲ್ ಕರೀಂ ಖಾನರ ಠುಮ್ರಿ ಕೇಳಿದ. ಹನ್ನೊಂದರ ವಯಸ್ಸಿನಲ್ಲಿ, 1933ರಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಜನ ಆ ಠುಮ್ರಿಯ ಕತೆಯನ್ನಷ್ಟೇ ಹೇಳುತ್ತಾರೆ. ಆದರೆ ಆ ಠುಮ್ರಿ ಬಿದ್ದ ಕಿವಿಯನ್ನು ಹದ ಮಾಡಿದ್ದವಳು ತಾಯಿ. ಉತ್ತರದ ಕೈರಾನಾದಲ್ಲಿ 1872ರಲ್ಲಿ ಹುಟ್ಟಿದ ಮುಸ್ಲಿಂ ಗಾಯಕನ ದನಿಯನ್ನು ಗದಗಿನ ವೈಷ್ಣವ ಮನೆಯ ಹುಡುಗ ಗುರುತಿಸಿದ್ದರೆ, ಹೊಲ ಹದವಿತ್ತು, ಬೀಜ ಬಿತ್ತು ಎಂದೇ ಅರ್ಥ.

ಧಾರವಾಡದಲ್ಲಿ ಸಿತಾರರತ್ನ ರಹಿಮತ್ ಖಾನರು ನೆಲೆಸಿದರು. ಮಕ್ಕಳು, ಮೊಮ್ಮಕ್ಕಳು ಆ ದನಿಯಲ್ಲೇ ಬೆಳೆದರು. ಮೊಮ್ಮಗ ಬಾಲೇಖಾನರು 2007ರಲ್ಲಿ ತೀರಿಕೊಳ್ಳುವವರೆಗೆ ಆ ಮನೆತನದ ಸಿತಾರದ ಹೆಸರನ್ನು ಎತ್ತಿಹಿಡಿದರು. ಇಂದಿಗೂ ಆ ಮನೆಯಲ್ಲಿ ಸಿತಾರವಿದೆ.

ನನ್ನನ್ನು ಬಹಳ ಕಾಡಿದ್ದು ಮಾತ್ರ ಗಂಗೂಬಾಯಿ ಹಾನಗಲ್ಲರ ತಾಯಿಯ ಕತೆ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಹಾಡುಗಾರ್ತಿ. ಅವರ ಹಾಡಿಕೆಯನ್ನು ಅಬ್ದುಲ್ ಕರೀಂ ಖಾನರೂ ಮೆಚ್ಚಿ ಕೇಳುತ್ತಿದ್ದರು. ಮಗಳ ಮನಸ್ಸು ಹಿಂದುಸ್ತಾನಿಯ ಕಡೆಗೆ ವಾಲಿದ್ದನ್ನು ಕಂಡಾಗ ಅಂಬಾಬಾಯಿಯವರು ತಾವು ಹಾಡುವುದನ್ನೇ ನಿಲ್ಲಿಸಿಬಿಟ್ಟರು. ತಮ್ಮ ಹಾಡಿಕೆಯ ಛಾಯೆ ಮಗಳ ಕಲಿಕೆಯ ಮೇಲೆ ಬೀಳಬಾರದು ಎಂದು. ಮಗಳಿಗಾಗಿ ಒಬ್ಬ ತಾಯಿ ಮೌನವಾದಳು. ಕಿವಿಯ ಮೇಲೆ ತಾಯಿಯ ದನಿಗೆ ಎಂಥ ಹಿಡಿತವಿದೆ ಎಂಬುದು ಆ ಹೆಣ್ಣುಮಗಳಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅಷ್ಟು ದೊಡ್ಡ ಬೆಲೆ ಕೊಟ್ಟಳು.

ನನ್ನ ಮನೆಯಲ್ಲೂ ಒಬ್ಬ ತಾಯಿ ಮೌನವಾದಳು. ಆದರೆ ಆಕೆ ತಾನಾಗಿ ಆಗಲಿಲ್ಲ. ನಾನು ಮಾಡಿದೆ.

1989ರಲ್ಲಿ ನನ್ನ ಮದುವೆಯಾಗಿ ಹುಬ್ಬಳ್ಳಿಗೆ ಬಂದೆ. ಗಂಡನ ಮನೆಯವರು ಉರ್ದು ಮಾತಾಡುವವರು. ಒಳ್ಳೆಯ ಜನ. ಆದರೂ ನನ್ನ ಉರ್ದು ಕೇಳಿ ನಾದಿನಿಯರು ಮುಸಿಮುಸಿ ನಗುತ್ತಿದ್ದರು. ಲಿಂಗ ತಪ್ಪುತ್ತಿತ್ತು, ಮಾತು ಕನ್ನಡದ ಧಾಟಿಯಲ್ಲಿ ಬರುತ್ತಿತ್ತು. ಹಳ್ಳಿಯ ಪಿಂಜಾರರ ಹುಡುಗಿ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ನಾನೇ ಒಂದು ತೀರ್ಮಾನ ಮಾಡಿಕೊಂಡೆ: ನನ್ನ ಮಕ್ಕಳ ಬಾಯಲ್ಲಿ ಈ ಧಾಟಿ ಇರಕೂಡದು.

1993ರಲ್ಲಿ ಮಗಳು ಹುಟ್ಟಿದಳು. ಬಾಣಂತನ ಬೆಳವಣಕಿಯಲ್ಲಿ. ಮೂರು ತಿಂಗಳು ಅವ್ವ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ, ನೀರು ಹಾಕಿ, ಹಾಡಿದಳು. ಹುಬ್ಬಳ್ಳಿಗೆ ಬಂದ ಮೇಲೆ ನಾನು ಅಂಗಡಿಗೆ ಹೋಗಿ ಇಂಗ್ಲಿಷ್ ಶಿಶುಗೀತೆಗಳ ಕ್ಯಾಸೆಟ್ ತಂದೆ. ಓಣಿಯ ಓದಿದ ಮನೆಗಳಲ್ಲೆಲ್ಲ ಅದೇ ಇತ್ತು. ಈಗಿನಿಂದಲೇ ಇಂಗ್ಲಿಷ್ ಕಿವಿಗೆ ಬಿದ್ದರೆ ಮುಂದೆ ಶಾಲೆಯಲ್ಲಿ ಹಗುರಾಗುತ್ತದೆ ಎಂಬ ಲೆಕ್ಕ. ನನಗೆ ಆ ಹಾಡುಗಳಲ್ಲಿ ಒಂದರ ಅರ್ಥವೂ ಪೂರ್ತಿ ಗೊತ್ತಿರಲಿಲ್ಲ.

ಮಗಳಿಗೆ ಎರಡು ವರ್ಷವಾದಾಗ ಅವ್ವ ನೋಡಲು ಬಂದಳು. ಮಧ್ಯಾಹ್ನ ಕೂಸನ್ನು ಮಲಗಿಸುತ್ತ ಗಟ್ಟಿಯಾಗಿ ಹಾಡತೊಡಗಿದಳು. ಪಡಸಾಲೆಯಲ್ಲಿ ಗಂಡನ ಕಡೆಯ ನೆಂಟರು ಕೂತಿದ್ದರು. ಅವರಲ್ಲಿ ಒಬ್ಬ ಹಿರಿಯರು, "ಇದೇನು, ನಮ್ಮ ಮನೆಯಲ್ಲಿ ಇಂಥ ಹಾಡು?" ಎಂದರು. ನನಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. ಒಳಗೆ ಹೋಗಿ, "ಅವ್ವ, ಸುಮ್ಮನಿರ. ಇಲ್ಲಿ ಇದೆಲ್ಲ ನಡಿಯೂದಿಲ್ಲ. ಟೇಪ್ ಹಚ್ಚತೀನಿ, ಅದನ್ನ ಕೇಳಿ ಮಲಗತಾಳ" ಎಂದೆ. ಅವ್ವ ನನ್ನ ಮುಖ ನೋಡಿದಳು. "ಹೂಂ" ಎಂದಳು. ಅಷ್ಟೇ. ಸಿಟ್ಟಾಗಲಿಲ್ಲ, ಅಳಲಿಲ್ಲ. ಆಮೇಲೆ 2004ರಲ್ಲಿ ತೀರಿಕೊಳ್ಳುವತನಕ ನನ್ನ ಮನೆಯಲ್ಲಿ ಆಕೆ ಮತ್ತೆ ಹಾಡಲಿಲ್ಲ. ನಾವು ಬೆಳವಣಕಿಗೆ ಹೋದಾಗ ಅಪ್ಪನೂ ರೇಡಿಯೊದ ದನಿ ಸಣ್ಣದು ಮಾಡುತ್ತಿದ್ದರು, ಅಳಿಯಂದಿರಿಗೆ ಹಿಡಿಸುತ್ತದೋ ಇಲ್ಲವೋ ಎಂದು. ನಿಜಕ್ಕೂ ಅಳಿಯಂದಿರಿಗೆ ಏನೂ ಅನ್ನಿಸುತ್ತಿರಲಿಲ್ಲ. ಅನ್ನಿಸುತ್ತಿದ್ದುದು ನನಗೆ.

ಆ ಹಿರಿಯರನ್ನು ನಾನು ದೂರುವುದಿಲ್ಲ. ಅವರು ತಾವು ನಂಬಿದ್ದನ್ನು ಹೇಳಿದರು. ಸಂಗೀತದ ವಿಷಯದಲ್ಲಿ ನಮ್ಮ ವಿದ್ವಾಂಸರಲ್ಲಿ ಹಿಂದಿನಿಂದಲೂ ಭಿನ್ನಾಭಿಪ್ರಾಯಗಳಿವೆ. 1111ರಲ್ಲಿ ತೀರಿಕೊಂಡ ಇಮಾಮ್ ಗಝ್ಝಾಲಿಯವರು 'ಇಹ್ಯಾ ಉಲೂಮುದ್ದೀನ್' ಎಂಬ ತಮ್ಮ ಮಹಾಗ್ರಂಥದಲ್ಲಿ ಕೇಳಿಕೆಯ ಬಗ್ಗೆಯೇ ಒಂದು ಭಾಗವನ್ನು ಮೀಸಲಿಟ್ಟಿದ್ದಾರೆ. ಯಾವುದನ್ನು, ಯಾವ ಮನಸ್ಸಿನಿಂದ, ಯಾವ ಸಂದರ್ಭದಲ್ಲಿ ಕೇಳುತ್ತೇವೆ ಎಂಬುದನ್ನು ನೋಡಿ ವಿವೇಚಿಸುತ್ತಾರೆ. ಕಟ್ಟುನಿಟ್ಟಾಗಿ ಬೇಡವೆನ್ನುವವರೂ ಇದ್ದಾರೆ. ಆ ಚರ್ಚೆಗೆ ಇಳಿಯುವ ಯೋಗ್ಯತೆ ನನಗಿಲ್ಲ. ನಾನು ಹೇಳುತ್ತಿರುವುದು ನನ್ನ ತಪ್ಪನ್ನು. ಧರ್ಮದ ಮೇಲಿನ ಭಕ್ತಿಯಿಂದ ನಾನು ಅವ್ವನನ್ನು ತಡೆದಿದ್ದರೆ ಅದಕ್ಕೊಂದು ಮರ್ಯಾದೆ ಇರುತ್ತಿತ್ತು. ನಾನು ತಡೆದದ್ದು ನಾಚಿಕೆಯಿಂದ. ಅವ್ವನ ಹಾಡು ಬೇಡವೆಂದ ಅದೇ ಬಾಯಿಂದ ಇಂಗ್ಲಿಷ್ ಹಾಡಿನ ಗುಂಡಿ ಒತ್ತಿದೆನಲ್ಲ! ಅದಕ್ಕೆ ಯಾವ ಹಿರಿಯರೂ ಆಕ್ಷೇಪಿಸಲಿಲ್ಲ, ನಾನೂ ಆಕ್ಷೇಪಿಸಿಕೊಳ್ಳಲಿಲ್ಲ. ಒಂದು ಕಡೆಯಿಂದ ಇಂಗ್ಲಿಷಿನ ಆಸೆ, ಇನ್ನೊಂದು ಕಡೆಯಿಂದ 'ಜನ ಏನಂದಾರು' ಎಂಬ ಭಯ. ನಡುವೆ ನಮ್ಮ ಅವ್ವಂದಿರ ಹಾಡು ಕಾಳಿನಂತೆ ಒಡೆದುಹೋಯಿತು. ಇದು ನನ್ನ ಮನೆಯೊಂದರ ಕತೆಯೇನಲ್ಲ. ಲಿಂಗಾಯತರ ಮನೆಯಲ್ಲಿ, ಬ್ರಾಹ್ಮಣರ ಮನೆಯಲ್ಲಿ ಕಾರಣ ಬೇರೆ ಇರಬಹುದು, ಟೇಪ್ ರೆಕಾರ್ಡರು ಒಂದೇ.

ಈಗ ಓದಿ ತಿಳಿದ ಕೆಲವು ಸಂಗತಿಗಳು ಆಗ ಗೊತ್ತಿದ್ದರೆ ಎನ್ನಿಸುತ್ತದೆ. ಕೂಸು ಹೊಟ್ಟೆಯಲ್ಲಿದ್ದಾಗಲೇ, ಕೊನೆಯ ಮೂರು ತಿಂಗಳಲ್ಲಿ, ತಾಯಿಯ ದನಿ ಕೇಳುತ್ತದೆ. ಹುಟ್ಟಿ ಮೂರು ದಿನವಾಗದ ಶಿಶುಗಳು ಬೇರೆ ಹೆಂಗಸರ ದನಿಗಿಂತ ತಾಯಿಯ ದನಿಯನ್ನೇ ಬಯಸುತ್ತವೆ ಎಂಬುದನ್ನು ಅಮೆರಿಕದ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ಇಬ್ಬರು 1980ರಲ್ಲಿ ಪರೀಕ್ಷಿಸಿ ತೋರಿಸಿದರು. ಮಗು ಚೀಪುವ ರಬ್ಬರಿನ ತೊಟ್ಟಿಗೆ ಧ್ವನಿಯಂತ್ರ ಜೋಡಿಸಿದ್ದರು. ಒಂದು ಲಯದಲ್ಲಿ ಚೀಪಿದರೆ ತಾಯಿಯ ದನಿ, ಇನ್ನೊಂದು ಲಯದಲ್ಲಿ ಚೀಪಿದರೆ ಬೇರೆಯವರ ದನಿ. ಎಳೆಗೂಸುಗಳು ತಾಯಿಯ ದನಿ ಬರುವಂತೆ ಚೀಪುವುದನ್ನು ಕಲಿತವು.

2005ರ ಇನ್ನೊಂದು ಅಧ್ಯಯನ ಹ್ಯಾನನ್ ಮತ್ತು ಟ್ರೆಹಬ್ ಎಂಬ ವಿದ್ವಾಂಸೆಯರದು. ಉತ್ತರ ಅಮೆರಿಕದ ಮಕ್ಕಳಿಗೆ ಅವರ ಮನೆಯ ಸಂಗೀತವನ್ನೂ, ಬಾಲ್ಕನ್ ದೇಶಗಳ ತೊಡಕು ತಾಳದ ಸಂಗೀತವನ್ನೂ ಕೇಳಿಸಿದರು. ಆರು ತಿಂಗಳ ಮಕ್ಕಳು ಎರಡರಲ್ಲೂ ತಾಳ ತಪ್ಪಿದ್ದನ್ನು ಗುರುತಿಸಿದವು. ವರ್ಷದ ಮಕ್ಕಳು ತಮ್ಮ ಮನೆಯ ತಾಳದಲ್ಲಿ ಮಾತ್ರ ಗುರುತಿಸಿದವು. ಅಂದರೆ ಹುಟ್ಟುವಾಗ ಕಿವಿ ಎಲ್ಲ ನಾಡಿಗೂ ತೆರೆದಿರುತ್ತದೆ. ಒಂದು ವರ್ಷದೊಳಗೆ ಅದು ತನ್ನ ಊರನ್ನು ಆರಿಸಿಕೊಳ್ಳುತ್ತದೆ. ಆದರೆ ಅದೇ ವರ್ಷದ ಮಕ್ಕಳಿಗೆ ಎರಡು ವಾರ ಮನೆಯಲ್ಲಿ ಆ ಪರದೇಶಿ ಸಂಗೀತ ಕೇಳಿಸಿದಾಗ ಕಿವಿ ಮತ್ತೆ ತೆರೆಯಿತು. ದೊಡ್ಡವರಿಗೆ ಅಷ್ಟೇ ದಿನ ಕೇಳಿಸಿದರೂ ಆ ಫಲ ಸಿಗಲಿಲ್ಲ.

ಮೂರನೆಯದು ನನ್ನ ಎದೆಗೇ ತಾಗಿದ್ದು. 2013ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರಲ್ ಕ್ರುಮ್‌ಹ್ಯಾನ್ಸೆಲ್ ಮತ್ತು ಸಂಗಡಿಗರು ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರಿಗೆ 1955ರಿಂದ 2009ರವರೆಗಿನ ಜನಪ್ರಿಯ ಹಾಡುಗಳ ತುಣುಕು ಕೇಳಿಸಿದರು. ತಮ್ಮ ಕಾಲದ ಹಾಡುಗಳಷ್ಟೇ ಅಲ್ಲ, ತಮ್ಮ ತಂದೆತಾಯಿ ಹರೆಯದಲ್ಲಿದ್ದಾಗಿನ ಹಾಡುಗಳ ಬಗ್ಗೆಯೂ ಅವರಿಗೆ ನೆನಪು, ಪ್ರೀತಿ ಹೆಚ್ಚಾಗಿತ್ತು. ಅದಕ್ಕೂ ಹಿಂದಿನ 1960ರ ದಶಕದ ಹಾಡುಗಳಿಗೂ ಅಂಥದೇ ಒಲವು ಕಂಡುಬಂತು; ಅದು ಅಜ್ಜ ಅಜ್ಜಿಯರ ಕಾಲದ್ದಿರಬಹುದು. ಯಾರೂ ಪಾಠ ಹೇಳಿರಲಿಲ್ಲ. ಅಪ್ಪ ಅವ್ವ ತಮ್ಮ ಪಾಡಿಗೆ ತಾವು ಕೇಳಿದ್ದು, ಮಕ್ಕಳೊಳಗೆ ಇಳಿದಿತ್ತು.

ಇದನ್ನು ಓದಿದ ಮೇಲೆ ಮಗಳನ್ನು ಕೇಳಿದೆ. ಆಗ ನಾನು ಮೊಮ್ಮಗನನ್ನು ನೋಡಿಕೊಳ್ಳಲು ಬೆಂಗಳೂರಿಗೆ ಹೋಗಿದ್ದೆ. "ಚಿಕ್ಕವಳಿದ್ದಾಗಿನ ಯಾವ ಹಾಡು ನಿನಗೆ ನೆನಪಿದೆ?" ಎಂದೆ. ಇಂಗ್ಲಿಷ್ ಕ್ಯಾಸೆಟ್ಟಿನ ಹೆಸರು ಹೇಳುತ್ತಾಳೆ ಎಂದುಕೊಂಡಿದ್ದೆ. ಆಕೆ ಒಂದು ಗಳಿಗೆ ಯೋಚಿಸಿ, "ಅಬ್ಬಾ ಗಡ್ಡ ಬೋಳಿಸುವಾಗ ಗುನುಗುತ್ತಿದ್ದ ರಫೀ ಹಾಡುಗಳು" ಎಂದಳು. "ಕನ್ನಡಿ ಮುಂದೆ ನಿಂತು ಕೆನ್ನೆ ಉಬ್ಬಿಸಿಕೊಂಡು ಹಾಡ್ತಿದ್ರಲ್ಲ, ಪದ ಕೇಳಿಸ್ತಾನೇ ಇರ್ಲಿಲ್ಲ. ಈಗಲೂ ರಫೀ ದನಿ ಕೇಳಿದ್ರೆ ನನಗೆ ಸೋಪಿನ ವಾಸನೆ ಬರುತ್ತೆ." ಮೊಹಮ್ಮದ್ ರಫೀ ತೀರಿಕೊಂಡದ್ದು 1980ರ ಜುಲೈ 31ರಂದು, ಈಕೆ ಹುಟ್ಟುವ ಹದಿಮೂರು ವರ್ಷ ಮೊದಲು.

"ಮತ್ತೆ ನಾನು?" ಎಂದೆ.

"ನೀನು ಹಾಡಿದ್ದು ನನಗೆ ನೆನಪೇ ಇಲ್ಲ ಅಮ್ಮೀ. ನಿನಗೆ ಹಾಡು ಇಷ್ಟವಿಲ್ಲ ಅಂದ್ಕೊಂಡಿದ್ದೆ."

ಆಕೆ ಅದನ್ನು ಚುಚ್ಚಲೆಂದು ಹೇಳಿದ್ದಲ್ಲ. ಮಗುವಿನ ಬಟ್ಟೆ ಮಡಚುತ್ತ ಸಹಜವಾಗಿ ಹೇಳಿದಳು. ಆದರೆ ಮೂವತ್ತು ವರ್ಷಗಳ ಲೆಕ್ಕ ಆ ಒಂದು ಮಾತಿನಲ್ಲಿ ಚುಕ್ತಾ ಆಯಿತು. ಬೀಸುವಕಲ್ಲಿನ ಬದಿಯಲ್ಲಿ ಬೆಳೆದವಳನ್ನು ಹಾಡು ಇಷ್ಟವಿಲ್ಲದವಳು ಎಂದು ಸ್ವಂತ ಮಗಳು ತಿಳಿದಿದ್ದಳು. ತಿಳಿಯದೆ ಏನು ಮಾಡಿಯಾಳು? ಆಕೆಗಾಗಿ ನಾನು ಇಟ್ಟದ್ದನ್ನು ಆಕೆ ಮರೆತಳು. ಗಂಡ ತನಗಾಗಿ, ತನ್ನ ಖುಷಿಗಾಗಿ ಗುನುಗಿದ್ದನ್ನು ಎತ್ತಿಟ್ಟುಕೊಂಡಳು. ನಾನು ನನಗಾಗಿ ಏನನ್ನೂ ಗುನುಗಲಿಲ್ಲ; ಆ ಮೌನವೂ ಆಕೆಗೆ ಹೋಯಿತು. ಮಕ್ಕಳಿಗೆ ಒಳ್ಳೆಯದನ್ನು ಕೇಳಿಸಬೇಕು ಎಂದು ನಾವು ತಲೆಕೆಡಿಸಿಕೊಳ್ಳುತ್ತೇವೆ. ಅಪ್ಪನ ಕೈಯ ಕೊಡತಿ ಯಾವ ದನಿಗೆ ನಿಲ್ಲುತ್ತದೆ, ಅವ್ವನ ಮುಖ ಯಾವ ಹಾಡಿಗೆ ಅರಳುತ್ತದೆ ಎಂಬುದನ್ನು ಮಗು ನೋಡುತ್ತಿರುತ್ತದೆ. ಅದು ಕಲಿಯುವುದು ಅಲ್ಲಿಂದ.

ಈಗಿನ ಮನೆಗಳಲ್ಲಿ ಇನ್ನೊಂದು ತೊಡಕಿದೆ. ನಮ್ಮ ಕಾಲದಲ್ಲಿ ರೇಡಿಯೊ ಒಂದೇ. ಮನೆಯವರೆಲ್ಲ ಅದನ್ನೇ ಕೇಳಬೇಕು. ಇಷ್ಟವಿರಲಿ ಬಿಡಲಿ, ಅಪ್ಪನ ಹಾಡು ನಮ್ಮ ಕಿವಿಗೂ ಬೀಳುತ್ತಿತ್ತು. ಈಗ ಮಗಳ ಕಿವಿಯಲ್ಲಿ ಒಂದು ಇಯರ್‌ಫೋನು, ಅಳಿಯನ ಕಿವಿಯಲ್ಲಿ ಇನ್ನೊಂದು. ಇಬ್ಬರೂ ಸಂಗೀತಪ್ರಿಯರೇ. ಅಳಿಯ ಕೆಲಸ ಮಾಡುವಾಗ ಗಜಲ್ ಕೇಳುತ್ತಾನೆ. ಆದರೆ ಮನೆಯಲ್ಲಿ ಸದ್ದಿಲ್ಲ. ಮಗುವಿಗೆ ಮಾತ್ರ ಯೂಟ್ಯೂಬಿನ ಬಣ್ಣದ ಬೊಂಬೆಗಳು ಬೇರೆ ಹಾಡು ಹಾಡುತ್ತವೆ. ಒಂದು ಮುಗಿದರೆ ಮುಂದಿನದನ್ನು ಯಂತ್ರವೇ ಆರಿಸುತ್ತದೆ. ಅಪ್ಪ ಅವ್ವನ ಇಷ್ಟ ಏನೆಂಬುದು ಮಗುವಿಗೆ ತಿಳಿಯುವ ದಾರಿಯೇ ಇಲ್ಲ. ನಾನು ಟೇಪ್ ರೆಕಾರ್ಡರ್ ಇಟ್ಟವಳು, ಆಕೆಗೆ ಬುದ್ಧಿ ಹೇಳುವ ಅಧಿಕಾರ ನನಗಿಲ್ಲ. "ನೀವು ಕೇಳೂದನ್ನ ಒಂದೀಟು ಹೊರಗ ಹಚ್ಚರಿ, ಇವನೂ ಕೇಳಲಿ" ಎಂದಷ್ಟೇ ಹೇಳಿದೆ. ನನ್ನ ಬಾಯಲ್ಲಿ ಬೆಳವಣಕಿಯ ಮಾತು ಬಂದದ್ದಕ್ಕೆ ಮಗಳು ನಕ್ಕಳು. ಅಳಿಯ ಅಂದಿನಿಂದ ಸಂಜೆ ಸ್ಪೀಕರಿನಲ್ಲಿ ಹಾಕುತ್ತಾನೆ.

ನನ್ನ ಪಾಲಿನ ಕೆಲಸ ಉಳಿದಿತ್ತು. ಅವ್ವನ ತೊಟ್ಟಿಲ ಹಾಡಿನ ಧಾಟಿ ನನ್ನೊಳಗೆ ಇದೆ, ಪದಗಳು ಚದುರಿಹೋಗಿವೆ. ಊರಲ್ಲೇ ಇರುವ ಅಕ್ಕನಿಗೆ ಫೋನ್ ಮಾಡಿದೆ. ಆಕೆಗೆ ಎರಡು ನುಡಿ ನೆನಪಿತ್ತು. ಮೂರನೆಯದಕ್ಕಾಗಿ ಓಣಿಯ ಮುದುಕಿಯೊಬ್ಬರ ಮನೆಗೆ ಹೋದಳು. ಅವ್ವನ ಜೊತೆ ಕಲ್ಲಿನ ಗೂಟ ಹಿಡಿದು ಬೀಸಿದ ಲಿಂಗಾಯತರ ಅಜ್ಜಿ. ಹಲ್ಲಿಲ್ಲದ ಬಾಯಿಂದ ಆಕೆ ಹಾಡಿದ್ದನ್ನು ಅಕ್ಕ ಮೊಬೈಲಿನಲ್ಲಿ ಹಿಡಿದು ಕಳಿಸಿದಳು. ಅದರಲ್ಲಿ ಫಾತಿಮಾ ಇರುವ ನುಡಿಯನ್ನು ಆ ಅಜ್ಜಿ ಹಾಗೆಯೇ ಇಟ್ಟುಕೊಂಡಿದ್ದಾರೆ. ಕೊನೆಯ ನುಡಿ ಯಾರಿಗೂ ನೆನಪಿಲ್ಲ. ಅದು ಅವ್ವನ ಜೊತೆ ಹೋಯಿತು. ಅಪ್ಪನ ರಿವಾಯತ ಪದಗಳನ್ನಂತೂ ಯಾರೂ ಬರೆದಿಟ್ಟಿಲ್ಲ.

ಮೊದಲ ರಾತ್ರಿ ಹಾಡಲು ಕೂತಾಗ ನನ್ನ ದನಿ ನನಗೇ ಅಪರಿಚಿತವಾಗಿತ್ತು. ಮೂವತ್ತು ವರ್ಷ ಬಳಸದ ಬೀಗದಂತೆ ಗಂಟಲು ಕರಕರ ಅಂದಿತು. ಎರಡನೆಯ ನುಡಿಯಲ್ಲಿ ತಪ್ಪಿದೆ, ಮತ್ತೆ ಹಿಂದಿನಿಂದ ಹಿಡಿದೆ. ಮೊಮ್ಮಗ ಅಳು ನಿಲ್ಲಿಸಲಿಲ್ಲ. ಅವನಿಗೆ ಫ್ಯಾನಿನ ಸದ್ದಿನಷ್ಟೂ ನನ್ನ ಹಾಡು ರುಚಿಸಿದಂತೆ ಕಾಣಲಿಲ್ಲ. ಎರಡು ವಾರ ಕೇಳಿಸಿದರೆ ಮಕ್ಕಳ ಕಿವಿ ತೆರೆಯುತ್ತದೆ ಎಂದು ಓದಿದ್ದೆನಲ್ಲ, ಆ ಧೈರ್ಯದ ಮೇಲೆ ದಿನಾ ಹಾಡಿದೆ. ಎರಡು ವಾರವಲ್ಲ, ಒಂದು ತಿಂಗಳು ಹಾಡಿದೆ. ಅವನು ಒಮ್ಮೆ ಮಲಗುತ್ತಾನೆ, ಒಮ್ಮೆ ಇಲ್ಲ.

ಹುಬ್ಬಳ್ಳಿಗೆ ಹೊರಡುವ ಹಿಂದಿನ ರಾತ್ರಿ ನನಗೆ ಬೇಗ ಮಂಪರು ಬಂದಿತ್ತು. ಪಕ್ಕದ ಕೋಣೆಯಲ್ಲಿ ಮಗು ಅಳುವುದು ಕೇಳಿಸಿತು, ಆಮೇಲೆ ಮಗಳು ಹಾಡುವುದು ಕೇಳಿಸಿತು. ಕನ್ನಡದ ಪದಗಳು ಅವಳ ಬಾಯಲ್ಲಿ ಬೆಂಗಳೂರಿನ ಧಾಟಿಯಲ್ಲಿ ಬರುತ್ತಿದ್ದವು. ನಾನು ತಪ್ಪುತ್ತಿದ್ದ ಕಡೆಯೇ ಅವಳೂ ತಪ್ಪಿದಳು; ನನ್ನ ತಪ್ಪನ್ನೂ ಕಲಿತಿದ್ದಾಳೆ. ಎದ್ದು ಹೋಗಿ ತಿದ್ದಬೇಕೆನ್ನಿಸಿತು. ಹೋಗಲಿಲ್ಲ. ಒಬ್ಬ ತಾಯಿ ಹಾಡುವಾಗ ಒಳಗೆ ಹೋಗಿ ಒಮ್ಮೆ ಮಾತಾಡಿದ್ದೇ ಸಾಕು.